ಕೆದಕು ಮೇಷ್ಟ್ರ ಪರವಾಗಿ ನಾನು

ನಮ್ಮ ಅಧ್ಯಾಪಕರ ಸಂಘದಲ್ಲಿ ಒಂದು ಕಟ್ಟಳೆ ಇದೆ. ಸದಸ್ಯರೊಬ್ಬರ ಮೇಲೆ ವಿಚಾರಣೆ ನಡೆದರೆ ಸಂಘದ ಪ್ರತಿನಿಧಿ ಅವರ ಪಕ್ಕದಲ್ಲಿ ಕೂತು ಅವರ ಪರವಾಗಿ ಮಾತಾಡಬೇಕು. ಮಾತಾಡುವಾಗ ‘ಅವರು ಹೀಗೆ ಹೇಳಿದರು’ ಎನ್ನುವ ಹಾಗಿಲ್ಲ. ‘ನಾನು ಹೀಗೆ ಹೇಳಿದೆ’ ಎನ್ನಬೇಕು. ‘ಅವರು’ ಎಂದ ಕೂಡಲೇ ಪ್ರತಿನಿಧಿ ಅರ್ಧ ಹೆಜ್ಜೆ ಹಿಂದೆ ಸರಿದ ಹಾಗೆ, ಆ ಅರ್ಧ ಹೆಜ್ಜೆಯಲ್ಲೇ ಸದಸ್ಯನ ಅನ್ನ ಹೋಗುತ್ತದೆ ಎಂಬುದು ಕಟ್ಟಳೆ ಮಾಡಿದವರ ವಾದವಾಗಿತ್ತು.

ಮಾಡಿದವರು ನನ್ನ ಅಪ್ಪ. ಸಂಘ ಕಟ್ಟಿದವರೂ ಅವರೇ, ಅದರ ಮೊದಲ ಮುಷ್ಕರ ಗೆದ್ದವರೂ ಅವರೇ. ಅವರು ತೀರಿಕೊಂಡು ಬಹಳ ವರ್ಷವಾಯಿತು. ಸಂಘದ ಕೋಣೆಯಲ್ಲಿ ಅವರ ಪಟವಿದೆ. ಅದರಲ್ಲಿ ಅಪ್ಪ ತಮ್ಮ ಎಂದಿನ ಒಣ ಕೆಮ್ಮು ತಡೆದುಕೊಂಡವರ ಹಾಗೆ ತುಟಿ ಬಿಗಿಹಿಡಿದಿದ್ದಾರೆ. ಅಲ್ಲಾಡಬೇಡಿ ಎಂದು ಫೋಟೋ ತೆಗೆಯುವವನು ಹೇಳಿರಬೇಕು.

ಆ ಪಟದ ಕೆಳಗೆ ಕೂತು ಸಂಘದ ಅಧ್ಯಕ್ಷರು ಕೆದಕು ಮೇಷ್ಟ್ರ ವಿಷಯ ಹೇಳಿ, ಅವರಿಗೆ ನಾನೇ ಪ್ರತಿನಿಧಿ ಎಂದರು. ಅಧ್ಯಕ್ಷರು ಅಪ್ಪನ ಶಿಷ್ಯ. ನನ್ನನ್ನು ಚಿಕ್ಕಂದಿನಿಂದ ಕಂಡವರು. ಕೆದಕು ಮೇಷ್ಟ್ರು ಹಗಲು ವಿಭಾಗದಲ್ಲಿ ಇತಿಹಾಸ ಕಲಿಸುವವರು. ಯಾವ ವಿಷಯವಾದರೂ ಅದರ ಬುಡ ಕೆದಕದೆ ಬಿಡುವುದಿಲ್ಲ ಎಂದು ವಿದ್ಯಾರ್ಥಿಗಳು ಇಟ್ಟ ಹೆಸರು ಅದು. ಅವರು ತರಗತಿಯಲ್ಲಿ ಆ ಮೊದಲ ಮುಷ್ಕರದ ಪಾಠ ಮಾಡುತ್ತ ಎರಡು ಮಾತು ಹೇಳಿದ್ದರು. ಒಂದು, ಆಗಿನ ಆಡಳಿತ ಮಂಡಳಿ ಬಾಡಿಗೆ ರೌಡಿಗಳನ್ನು ಕರೆಸಿ ಅಧ್ಯಾಪಕರಿಗೆ ಹೊಡೆಸಿತ್ತು. ಇನ್ನೊಂದು, ಸಂಘದ ನಾಯಕರು ಹಗಲಿನ ಅಧ್ಯಾಪಕರ ಕೆಲಸ ಉಳಿಸಿಕೊಳ್ಳಲು ಸಂಜೆ ವಿಭಾಗದವರನ್ನು ಗುಟ್ಟಾಗಿ ಬಿಟ್ಟುಕೊಟ್ಟರು. ಈ ಮಾತುಗಳಿಗಾಗಿ ಮಂಡಳಿ ಮೇಷ್ಟ್ರನ್ನು ಅಮಾನತು ಮಾಡಿತ್ತು. ಸಂಸ್ಥೆಗೆ ಅಪಚಾರ, ಜೊತೆಗೆ ಅಧ್ಯಾಪಕರೆಲ್ಲ ಗೌರವಿಸುವ ಹಿರಿಯರೊಬ್ಬರಿಗೆ, ಎಂದರೆ ನನ್ನ ಅಪ್ಪನಿಗೆ, ಅಪಚಾರ ಎಂದು ಎರಡು ಆರೋಪ.

“ನಮ್ಮ ಹಿರಿಯರ ಮೇಲೆ ಮಂಡಳಿಗೆ ಇದ್ದಕ್ಕಿದ್ದ ಹಾಗೆ ಭಕ್ತಿ ಬಂತಲ್ಲ ಸಾರ್,” ಎಂದೆ.

“ನಮ್ಮನ್ನ ಒಡೆಯೋಕೆ ಕಣಮ್ಮ. ನನಗೇನು ಅಷ್ಟೂ ಗೊತ್ತಾಗಲ್ವಾ? ಅದಕ್ಕೇ ಹೇಳ್ತಿದೀನಿ. ಮೊದಲನೇ ಆರೋಪಕ್ಕೆ ಪ್ರಾಣ ಕೊಟ್ಟು ವಾದ ಮಾಡು. ಎರಡನೇದು ಬಂದಾಗ ಸುಮ್ಮನಿದ್ದುಬಿಡು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.”

“ಹಾವು ಯಾರು ಸಾರ್?”

ನಾನು ನಿಜವಾಗಿ ತಿಳಿಯದೆ ಕೇಳಿದ್ದೆ. ಅವರಿಗೆ ಅದು ಉದ್ಧಟತನವಾಗಿ ಕೇಳಿಸಿತು. “ನೀನು ನಿಮ್ಮಪ್ಪನ ಮಗಳು ಅನ್ನೋದನ್ನ ನಾನು ನೆನಪು ಮಾಡಬೇಕಾ?” ಎಂದರು.

ಸುಮ್ಮನಿದ್ದರೆ ಏನಾಗುತ್ತದೆ ಎಂದು ನಿಯಮಗಳ ಪುಸ್ತಕ ತೆಗೆದು ನೋಡಿದೆ. ಉತ್ತರ ಕೊಡದ ಆರೋಪ ಒಪ್ಪಿಕೊಂಡ ಹಾಗೆ. ಕೆಲಸದಿಂದ ತೆಗೆಯಲು ಒಂದು ಆರೋಪ ಸಾಕು. ತಪ್ಪು ಓದಿರಬಹುದೆಂದು ಮತ್ತೆ ಓದಿದೆ. ಇದು ನನ್ನ ಹಳೆಯ ಚಾಳಿ. ಅಪ್ಪ ಹೋದ ಮೇಲೆ ಹಗಲು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೂತು, ಸಂಜೆ ತರಗತಿಗೆ ಓಡಿ ಓದಿದವಳು ನಾನು. ಈಗ ಅದೇ ಸಂಜೆ ವಿಭಾಗದಲ್ಲಿ ವಾಣಿಜ್ಯ ಕಲಿಸುತ್ತೇನೆ. ಹಗಲು ಓದಿದವರ ನಡುವೆ ಬಾಯಿಬಿಡುವ ಮುಂಚೆ ಮಾತನ್ನು ಒಳಗೊಳಗೇ ಒಮ್ಮೆ ಹೇಳಿ ನೋಡದೆ ನನಗೆ ಆಗುವುದಿಲ್ಲ.

ಕೆದಕು ಮೇಷ್ಟ್ರಿಗೆ ಕಾಲೇಜಿನ ಗೇಟು ದಾಟುವ ಹಾಗಿರಲಿಲ್ಲ. ಇಸ್ತ್ರಿ ಅಂಗಡಿಯೊಂದರ ಮೇಲಿದ್ದ ಅವರ ಬಾಡಿಗೆ ಕೋಣೆಗೆ ಹೋದೆ. ಕೆಳಗಿನಿಂದ ಗಂಜಿಯ, ಕಾದ ಬಟ್ಟೆಯ ವಾಸನೆ ಬರುತ್ತಿತ್ತು. ನೆಲ ಬೆಚ್ಚಗಿತ್ತು.

“ಪುಸ್ತಕ ತುಳಿದ್ರೂ ಪರವಾಗಿಲ್ಲ, ಬನ್ನಿ. ಈ ಮನೇಲಿ ಕಾಲಿಡೋಕೆ ಬೇರೆ ಜಾಗ ಇಲ್ಲ,” ಎಂದರು.

“ಸಾರ್, ನನ್ನನ್ನೇ ಪ್ರತಿನಿಧಿಯಾಗಿ ಕೊಡಿ ಅಂತ ಕೇಳಿದ್ರಂತೆ.”

“ಹೌದು. ನೀವು ಹೆದರ್ತೀರಿ. ಧೈರ್ಯ ಇರೋರು ಏನೂ ಓದದೆ ಬಂದು ಮೇಜು ಗುದ್ದಿ ಹೋಗ್ತಾರೆ.”

“ನಾನು ಅವರ ಮಗಳು.”

“ನಿಮ್ಮ ಮೂಗೇ ಹೇಳುತ್ತಲ್ಲ.” ನಕ್ಕರು. ಆಮೇಲೆ ನಗು ನಿಲ್ಲಿಸಿದರು. “ನಿಮಗೆ ಕಷ್ಟ, ಗೊತ್ತು. ಬೇರೆ ಯಾರನ್ನ ಕೇಳಿದ್ರೂ ಎರಡನೇ ಮಾತು ಬಂದಾಗ ಗಂಟಲಲ್ಲಿ ಕಿಚ್‌ಕಿಚ್ ಶುರುವಾಗುತ್ತೆ. ನಿಮಗೂ ಆಗಬಹುದು. ಆದರೆ ನೀವು ಸುಮ್ಮನಿದ್ರೆ ಆಮೇಲೆ ನಿಮಗೆ ನಿದ್ದೆ ಬರಲ್ಲ. ಅದೊಂದೇ ನನಗೆ ಇರೋ ಆಸರೆ.”

“ಅದು ನಿಜಾನಾ ಸಾರ್?”

“ಆಗ ಕೆಲಸ ಕಳ್ಕೊಂಡವರಲ್ಲಿ ಇಬ್ಬರು ಇನ್ನೂ ಇದ್ದಾರೆ. ಹೋಗಿ ಕೇಳಿದೆ. ರಾಜಿ ಆಯ್ತು ಅಂತ ಸಿಹಿ ಹಂಚಿದಾಗ ಅವರೂ ತಿಂದ್ರಂತೆ. ತಮ್ಮ ಹೆಸರು ಅದರಲ್ಲಿ ಇಲ್ಲ ಅಂತ ಯಾರೂ ಹೇಳಿರಲಿಲ್ಲ. ಮಕ್ಕಳಿಗೆ ನಾನು ಹೇಳಿದ್ದೂ ಇಷ್ಟೇ. ಇಬ್ಬರು ಹೀಗೆ ಹೇಳ್ತಾರೆ, ನನಗೆ ನಂಬಿಕೆ ಬಂದಿದೆ, ನೀವೂ ವಿಚಾರಿಸಿ, ನನ್ನದು ತಪ್ಪು ಅಂತ ತೋರಿಸಿ ಅಂದೆ. ಅದು ಪಾಠ ಅಲ್ಲ ಅನ್ನೋದಾದ್ರೆ ನಾನು ನಾಳೆಯಿಂದ ಕಾಲೇಜಿನ ಗಂಟೆ ಹೊಡೀತೀನಿ.” ಕಾಲ ಬಳಿಯ ಪುಸ್ತಕ ಪಕ್ಕಕ್ಕೆ ಸರಿಸಿ ಹೇಳಿದರು, “ನೀವು ನನ್ನ ಮಾತು ಒಪ್ಪಬೇಕಾಗಿಲ್ಲ. ನನ್ನನ್ನ ಕಂಡ್ರೆ ಆಗಬೇಕು ಅಂತಲೂ ಇಲ್ಲ. ಪೂರ್ತಿ ಹೇಳಿ, ಸಾಕು.”

ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಮೆಟ್ಟಿಲಿಳಿಯುವಾಗ ಅದು ಸ್ಪಷ್ಟವಾಗಿ ತಿಳಿಯಿತು. ಅಪ್ಪನ ಬಗ್ಗೆ ಅಷ್ಟು ತಣ್ಣಗೆ ಮಾತಾಡಿದವರು ಮುಂಚೆ ಯಾರೂ ಇರಲಿಲ್ಲ.

ಅಂದಿನಿಂದ ಸಂಜೆ ವಿಭಾಗದ ಮಹಡಿ ನನಗೆ ಬೇರೆಯಾಯಿತು. ಹಗಲಿನವರು ಹೋದ ಮೇಲೆ ನಾವು ಕೆಲವೇ ಕೋಣೆಗಳನ್ನು ಬಳಸುತ್ತೇವೆ, ಉಳಿದವು ಮುಚ್ಚಿರುತ್ತವೆ. ಮುಚ್ಚಿದ ಬಾಗಿಲುಗಳ ಹಿಂದೆ ಬೆಂಚು ಸರಿಸಿದ ಸದ್ದು ಮುಂಚೆಯೂ ಕೇಳುತ್ತಿತ್ತು. ಇಲಿ ಎಂದುಕೊಳ್ಳುತ್ತಿದ್ದೆ. ಈಗ ಆ ಸದ್ದು ಬಂದರೆ, ತರಗತಿ ಮುಗಿಸಿ ಸೀಮೆಸುಣ್ಣದ ಕೈ ಕೊಡವಿಕೊಂಡು ಯಾರೋ ಹೊರಬರುತ್ತಾರೆ, ರಾಜಿಯಲ್ಲಿ ನಮ್ಮ ಹೆಸರು ಬಂತಾ ಎಂದು ನನ್ನನ್ನು ಕೇಳುತ್ತಾರೆ ಅನ್ನಿಸಿ ಬಾಗಿಲ ಕಡೆ ನೋಡುತ್ತಿದ್ದೆ.

“ಮೇಡಂ, ಯಾರಾದ್ರೂ ಬರೋದಿದ್ಯಾ?” ಎಂದು ಮುಂದಿನ ಬೆಂಚಿನ ಬಸ್ ಕಂಡಕ್ಟರ್ ಕೇಳಿದ. “ಇಲ್ಲ ಅಂದ್ರೆ ಬಾಗಿಲು ಹಾಕ್ತೀನಿ. ನೀವು ನೋಡೋದು ನೋಡಿ ನಮಗೂ ಬೆನ್ನು ಚಳಿ ಬರ್ತಿದೆ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಬಾಗಿಲು ಹಾಕಲು ಮಾತ್ರ ಬಿಡಲಿಲ್ಲ.

ವಿಚಾರಣೆಯ ಹಿಂದಿನ ದಿನ ಮನೆಯಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಅಭ್ಯಾಸಕ್ಕೆ ಕೂತೆ. ಮೊದಲ ಆರೋಪದ ಉತ್ತರ ಸರಾಗವಾಗಿ ಬಂತು. ಎರಡನೆಯದಕ್ಕೆ ಬಂದೆ. ‘ಸಂಘದ ನಾಯಕರು ಹಗಲಿನವರನ್ನು ಉಳಿಸಲು ಸಂಜೆಯವರನ್ನು ಬಿಟ್ಟುಕೊಟ್ಟರು ಎಂದು ನಾನು ಹೇಳಿದೆ.’ ‘ನಾನು’ ಎನ್ನುವಲ್ಲಿ ಕೆಮ್ಮು ಬಂತು. ಒಣ ಕೆಮ್ಮು, ಗಿಡ್ಡ ಕೆಮ್ಮು. ಮತ್ತೆ ಹೇಳಿದೆ. ಅದೇ ಜಾಗದಲ್ಲಿ ಮತ್ತೆ ಬಂತು.

ಬಾಗಿಲು ತೆರೆಯಿತು. ಅಮ್ಮ ಒದ್ದೆ ಕೈಯಲ್ಲಿ ನಿಂತಿದ್ದಳು.

“ಕೆಮ್ಮಿದ್ದು ಯಾರೇ?”

“ನಾನೇ ಅಮ್ಮ.”

“ನೀನಾ?” ಅವಳು ನನ್ನನ್ನು ದಾಟಿ ಕೋಣೆಯ ಮೂಲೆಗಳನ್ನು ನೋಡಿದಳು. ಕಿಟಕಿಯ ಹತ್ತಿರ ಹೋಗಿ ಪರದೆ ಸರಿಸಿದಳು. ಆಮೇಲೆ ಮಂಚದ ಅಂಚಿನಲ್ಲಿ ಕೂತು, “ಏನೋ ಅಂತಿದ್ದೆಯಲ್ಲ, ಇನ್ನೊಂದ್ಸಲ ಅನ್ನು,” ಎಂದಳು.

ಹೇಳಿದೆ. ಹೇಳದೆ ತಪ್ಪಿಸಿಕೊಳ್ಳಲು ನನಗೆ ಬರುವುದಿಲ್ಲ.

“ಯಾರು ಬೇಕಾದ್ರೂ ಅಂದುಕೊಳ್ಳಲಿ. ನಿನ್ನ ಬಾಯಲ್ಲಿ ಆ ಮಾತು ಬರಕೂಡದು. ಬೇರೆ ಯಾರಿಗಾದ್ರೂ ಕೊಡು.”

“ಬೇರೆಯವರು ಸುಮ್ಮನಿದ್ದುಬಿಡ್ತಾರೆ. ಅವರ ಕೆಲಸ ಹೋಗುತ್ತೆ.”

“ಹೋಗೋರದ್ದು ಹೋಗುತ್ತೆ. ಆಗಲೂ ಹೋಯ್ತು,” ಎಂದ ಅಮ್ಮ ತಟಕ್ಕನೆ ಎದ್ದಳು. ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿದ ಸದ್ದಾಯಿತು. ನೀರು ಬಹಳ ಹೊತ್ತು ಸುಮ್ಮನೆ ಹರಿಯುತ್ತಿತ್ತು.

ವಿಚಾರಣೆ ಮಧ್ಯಾಹ್ನ ಮಂಡಳಿಯ ಸಭಾಂಗಣದಲ್ಲಿ ನಡೆಯಿತು. ಗಾಜು ಹೊದಿಸಿದ ಉದ್ದ ಮೇಜು. ಮೇಜಿನ ಆ ಕಡೆ ಪ್ರಾಂಶುಪಾಲರು ಮತ್ತು ಮಂಡಳಿಯ ವಕೀಲರು. ಈ ಕಡೆ ಕೆದಕು ಮೇಷ್ಟ್ರು, ನಾನು. ಅಧ್ಯಕ್ಷರು ನನ್ನ ಬೆನ್ನ ಹಿಂದೆ. ಗೋಡೆಯುದ್ದಕ್ಕೂ ಖಾಲಿ ಕುರ್ಚಿಗಳು. ಗಾಜಿನಲ್ಲಿ ನನ್ನ ಮುಖ ಕೆಳಗಿನಿಂದ ಕಾಣುತ್ತಿತ್ತು. ಆ ಕೋನದಿಂದ ಮೂಗು ಸಂಪೂರ್ಣ ಅಪ್ಪನದು.

ರೌಡಿಗಳ ವಿಷಯ ನಾನಂದುಕೊಂಡದ್ದಕ್ಕಿಂತ ಬೇಗ ಮುಗಿಯಿತು. ವಕೀಲರಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. “ಎರಡನೇ ಆರೋಪಕ್ಕೆ ಸಂಘಕ್ಕೆ ಏನಾದರೂ ಹೇಳೋದಿದೆಯೇ? ಇಲ್ಲ ಅಂತ ಬರ್ಕೊಳ್ಳಲೇ?” ಎಂದು ಪೆನ್ನಿನ ಮುಚ್ಚಳ ತೆಗೆದರು.

ಹಿಂದಿನಿಂದ ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡರು. ಕೆದಕು ಮೇಷ್ಟ್ರು ನನ್ನನ್ನು ನೋಡಲಿಲ್ಲ. ಅವರ ಅಂಗಿಯ ತೋಳು ಹೊಸದಾಗಿ ಇಸ್ತ್ರಿಯಾಗಿತ್ತು, ಗೆರೆ ಎದ್ದು ಕಾಣುತ್ತಿತ್ತು. ಆ ಗೆರೆಯನ್ನೇ ಅವರು ಬೆರಳಿನಿಂದ ಮತ್ತೆ ಮತ್ತೆ ತೀಡುತ್ತಿದ್ದರು. ಇಸ್ತ್ರಿ ಅಂಗಡಿಯ ಮೇಲೆ ಅಷ್ಟು ತಣ್ಣಗೆ ಮಾತಾಡಿದ ಮನುಷ್ಯ ಹೆದರಿದ್ದರು.

“ಇದೆ,” ಎಂದೆ. “ಸಂಘದ ನಾಯಕರು ಹಗಲಿನವರನ್ನು ಉಳಿಸಲು ಸಂಜೆಯವರನ್ನು ಬಿಟ್ಟುಕೊಟ್ಟರು ಎಂದು ನಾನು ತರಗತಿಯಲ್ಲಿ ಹೇಳಿದೆ. ಕೆಲಸ ಕಳೆದುಕೊಂಡವರನ್ನು ಕೇಳಿ ತಿಳಿದು ಹೇಳಿದೆ. ಅದನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ.”

ಕೆಮ್ಮು ಬರಲಿಲ್ಲ. ದನಿ ಮಾತ್ರ ಎಲ್ಲಿಂದಲೋ ಬಂದ ಹಾಗಿತ್ತು, ಗೋಡೆಯ ಬದಿಯ ಕುರ್ಚಿಗಳಿಂದ ಬಂದ ಹಾಗೆ.

“ಇತಿಹಾಸದ ಮೇಷ್ಟ್ರ ದನಿ ಇಷ್ಟು ತೆಳು ಅಂತ ಗೊತ್ತಿರಲಿಲ್ಲ,” ಎಂದು ವಕೀಲರು ನಕ್ಕರು.

ಪ್ರಾಂಶುಪಾಲರು ನಗಲಿಲ್ಲ. “ಒಂದು ನಿಮಿಷ. ಆ ನಾಯಕರು ನಿಮ್ಮ ತಂದೆ. ಮಗಳಾಗಿ ಹೇಳಿ. ಈ ಮಾತು ನಿಜ ಅಂತ ನಿಮಗೆ ಅನ್ನಿಸುತ್ತಾ?”

ಸುಳ್ಳು ಎಂದರೆ ಮೇಷ್ಟ್ರ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಗೊತ್ತಿಲ್ಲ ಎಂದರೂ, ಪ್ರತಿನಿಧಿಗೇ ನಂಬಿಕೆಯಿಲ್ಲ ಎಂದು ಬರೆದುಕೊಳ್ಳುತ್ತಿದ್ದರು. ನಿಜ ಎನ್ನಲು ನನಗೇನು ಗೊತ್ತಿತ್ತು? ಆಗ ನಾನು ಬೆರಳು ಚೀಪುವ ಮಗು.

“ಮಗಳನ್ನು ನೀವು ವಿಚಾರಣೆಗೆ ಕರೆದಿಲ್ಲ ಸಾರ್,” ಎಂದೆ. “ಇಲ್ಲಿ ಕೂತಿರೋದು ನಾನು, ಇತಿಹಾಸ ಕಲಿಸೋನು. ನನ್ನ ಮಾತು ತಪ್ಪಾಗಿದ್ರೆ ತಪ್ಪು ಅಂತ ತೋರಿಸಿ ಅಂತ ಮಕ್ಕಳಿಗೂ ಹೇಳಿದ್ದೀನಿ, ನಿಮಗೂ ಹೇಳ್ತೀನಿ. ಅದಕ್ಕೆ ತರಗತಿ ಇದೆ. ಅಪ್ರಿಯ ಅಂತ ನನ್ನ ಕೆಲಸ ಕಿತ್ಕೊಂಡ್ರೆ ಆ ಮಾತು ಸುಳ್ಳಾಗಲ್ಲ.”

ಪ್ರಾಂಶುಪಾಲರೂ ವಕೀಲರೂ ಒಳಗೆ ಹೋಗಿ ಮಾತಾಡಿಕೊಂಡು ಬಂದರು. ಅಮಾನತು ರದ್ದಾಯಿತು. ಪಾಠ ಮಾಡುವಾಗ ಎಚ್ಚರವಿರಲಿ ಎಂಬ ಒಂದು ಸಾಲು ಸೇರಿಸಿದರು. ಏನೂ ಸೇರಿಸದಿದ್ದರೆ ಅವರು ಸೋತ ಹಾಗೆ. ಕಾರಿಡಾರಿನಲ್ಲಿ ಕೆದಕು ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. “ನನ್ನ ಮಾತೆಲ್ಲ ನೀವೇ ಖರ್ಚು ಮಾಡಿಬಿಟ್ರಿ,” ಎಂದು ಕಣ್ಣೊರೆಸಿಕೊಂಡರು. ಅಧ್ಯಕ್ಷರು ನನ್ನ ಮುಂದೆಯೇ ನಡೆದು ಹೋದರು. ಹಿಂತಿರುಗಿ ನೋಡಲಿಲ್ಲ.

ಮನೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಅಮ್ಮ ದೀಪ ಹಾಕಿರಲಿಲ್ಲ. ಹೊರಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂತಿದ್ದಳು.

“ಹೇಳಿದೆಯಾ?”

“ಹೇಳಿದೆ.”

“ಪೂರ್ತಿ?”

“ಪೂರ್ತಿ ಅಮ್ಮ.”

ಬಯ್ಯುತ್ತಾಳೆ ಎಂದು ಕಾದೆ. ಬಯ್ಯಲಿಲ್ಲ. “ಆ ಮೇಷ್ಟ್ರ ಪರವಾಗಿ ನೀನಿದ್ದೆ. ಇವರ ಪರವಾಗಿ ಯಾರಿದ್ರೇ ಅಲ್ಲಿ?”

ಬಸ್ಸಿನಲ್ಲಿ ಕೂತಾಗಿನಿಂದ ನನ್ನನ್ನು ಕಾಡಿದ್ದೂ ಅದೇ. “ಯಾರೂ ಇರಲಿಲ್ಲ.”

“ಯಾಕೆ? ಸತ್ತವರು ಸಂಘದ ಸದಸ್ಯರಲ್ವಾ?” ಅವಳು ಎದುರಿನ ಸ್ಟೂಲು ತೋರಿಸಿದಳು. “ಕೂತ್ಕೋ. ಈಗ ಹೇಳು. ಆ ಮೇಷ್ಟ್ರಿಗೋಸ್ಕರ ಹೇಗೆ ಹೇಳಿದೆಯೋ ಹಾಗೇ ಇವರಿಗೋಸ್ಕರ ಹೇಳು. ಒಂದು ಮಾತೂ ಕಡಿಮೆ ಮಾಡಬೇಡ.”

ಬೇಡ ಅನ್ನಲು ಮನಸ್ಸಾಯಿತು. ಆದರೆ ಕೇಳಿದ್ದು ನ್ಯಾಯವಾಗಿತ್ತು. ಕೂತೆ. ಅಪ್ಪನ ಪರವಾಗಿ ಏನು ಹೇಳಬಹುದೆಂದು ನಾನು ಯೋಚಿಸಿರಲೇ ಇಲ್ಲ.

“ನಾನು,” ಎಂದೆ. ಕೆಮ್ಮು ಬಂತು. ಅಮ್ಮ ಅಲ್ಲಾಡಲಿಲ್ಲ.

“ನಾನು ಎಲ್ಲರನ್ನೂ ಕಳ್ಕೊಳ್ಳೋ ಬದಲು ಅರ್ಧ ಜನರನ್ನಾದ್ರೂ ಉಳಿಸೋಣ ಅಂದ್ಕೊಂಡೆ. ಮುಷ್ಕರ ಮುರೀತಾ ಇತ್ತು. ದಿನಾ ಯಾರಾದ್ರೂ ಕಣ್ಣು ತಪ್ಪಿಸಿ ಗೇಟಿನೊಳಗೆ ಹೋಗ್ತಿದ್ರು. ಮನೆಗಳಲ್ಲಿ ಒಲೆ ಹತ್ತುತ್ತಿರಲಿಲ್ಲ.” ಮಾತು ತಾನಾಗಿಯೇ ಬರುತ್ತಿತ್ತು, ಯಾರಿಂದ ಕೇಳಿದ್ದೆನೋ, ಊಹಿಸುತ್ತಿದ್ದೆನೋ, ತಿಳಿಯಲಿಲ್ಲ. “ಸಂಜೆಯವರನ್ನ ನಾನು ಮರೆತಿರಲಿಲ್ಲ. ಮುಂದಿನ ವರ್ಷ ಅವರ ಕೆಲಸನೂ ಕೇಳೋಣ ಅಂತ ಹೇಳಿದ್ದೆ.”

“ಮುಂದಿನ ವರ್ಷ ಅಂತ ಹೇಳಲಿಲ್ಲ.”

ಕತ್ತಲಲ್ಲಿ ಅಮ್ಮನ ಮುಖ ಕಾಣುತ್ತಿರಲಿಲ್ಲ. ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದವರನ್ನು ತಿದ್ದುವ ಹಾಗಿತ್ತು.

“‘ಅವರಿಗೆ ಈಗ ಹೇಳೋದು ಬೇಡ, ಸಿಹಿ ತಿಂದ್ಕೊಂಡು ಹೋಗಲಿ’ ಅಂದ್ರಿ. ಈ ಬಾಗಿಲಲ್ಲೇ ನಿಂತ್ಕೊಂಡು ಅಂದ್ರಿ. ನಾನು ತಟ್ಟೆ ಹಾಕಿಟ್ಟಿದ್ದೆ. ಹಸಿವಿಲ್ಲ ಅಂದ್ರಿ.”

ಏಳಬೇಕು, ದೀಪ ಹಾಕಬೇಕು ಎಂದುಕೊಂಡೆ. ಅಷ್ಟರಲ್ಲಿ ಅಮ್ಮ ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡಳು. ಅವಳ ಮಂಡಿ ನನ್ನ ಮಂಡಿಗೆ ತಾಗಿತು.

“ಯಾಕೆ ಸುಮ್ಮನಾದ್ರಿ?” ಎಂದಳು. “ಇಷ್ಟು ವರ್ಷ ಕೇಳಬಾರದು ಅಂತ ಇದ್ದೆ. ಈಗ ಕೇಳ್ತಿದೀನಿ. ಹೇಳಿ.”