ಚಕ್ರ ಕಳಚಿತು, ಡುಮ್ಮಿ ನಡೆದಳು

ಮಗುವಿಗೆ ವರ್ಷ ತುಂಬಿತೆಂದರೆ ಬೀದಿಯಲ್ಲಿ ಎಲ್ಲರೂ ಡಾಕ್ಟರೇ. ಹಾಲಿಗೆ ಹೋದರೆ ಹಾಲಿನವಳು ಕೇಳುತ್ತಾಳೆ, ನೀರಿಗೆ ಹೋದರೆ ನಲ್ಲಿ ಮುಂದೆ ನಿಂತವರು ಕೇಳುತ್ತಾರೆ: "ನಿಮ್ಮ ಮಗು ಇನ್ನೂ ನಡೀತಿಲ್ವಾ?" ನಮ್ಮ ಬೀದಿಯ ಸೈಕಲ್ ರಿಪೇರಿ ಅಂಗಡಿಯ ಮನೆಯಲ್ಲೂ ಹೀಗೇ ಆಯಿತು.

ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಬಾಗಿಲಿಲ್ಲದ ಒಂದು ಇಕ್ಕಟ್ಟು ಹಾದಿ. ಅಂಗಡಿಯಿಂದ ಬೀದಿಗೆ ಮೆಟ್ಟಿಲಿಲ್ಲ. ಸೈಕಲ್ ಉರುಳಿಸಿಕೊಂಡು ಬರಲಿ ಎಂದು ಸಿಮೆಂಟಿನ ಇಳಿಜಾರು ಮಾಡಿಸಿದ್ದರು. ಅಂಗಡಿಯ ಯಜಮಾನರನ್ನು ಬೀದಿಯವರೆಲ್ಲ ಕರೆಯುವುದು ಚಕ್ರದಜ್ಜ ಎಂದೇ. ಅವರ ಮಗ ದೂರದ ಬಸ್ಸಿನ ಡ್ರೈವರ್, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಸೊಸೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಮೊಮ್ಮಗಳು ಡುಮ್ಮಿ.

ಡುಮ್ಮಿಗೆ ಹದಿಮೂರನೇ ತಿಂಗಳು. ಅಂಬೆಗಾಲಿಟ್ಟರೆ ಬೆಕ್ಕಿಗಿಂತ ಜೋರು. ಕುರ್ಚಿ ಹಿಡಿದು ಎದ್ದು ನಿಲ್ಲುತ್ತಿದ್ದಳು, ಕೈ ಬಿಟ್ಟರೆ ಕುಂಡೆಯ ಮೇಲೆ ಧೊಪ್ಪೆಂದು ಕೂರುತ್ತಿದ್ದಳು. ಎದುರು ಮನೆಯ ಮಗು ವರ್ಷ ತುಂಬುವ ಮೊದಲೇ ನಡೆದಿತ್ತು. ಆ ಮನೆಯವರು ಅದನ್ನು ದಿನವೂ ಹೇಳದೆ ಬಿಡುತ್ತಿರಲಿಲ್ಲ. ಸೊಸೆಗೆ ಊಟ ಸೇರುತ್ತಿರಲಿಲ್ಲ. ಮಗಳ ಕಾಲಿನಲ್ಲೇ ಏನೋ ದೋಷವಿದೆ, ಇವಳು ಎಂದಿಗೂ ನಡೆಯುವುದಿಲ್ಲ ಎಂಬ ಹೆದರಿಕೆ ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ಅದನ್ನು ಬಾಯಿಬಿಟ್ಟು ಹೇಳಿದ್ದು ಅತ್ತೆಯ ಹತ್ತಿರ ಮಾತ್ರ.

ಅತ್ತೆ ಗಂಡನಿಗೆ ಹೇಳಿದರು. ಅಜ್ಜನಿಗೆ ಮೊಮ್ಮಗಳೆಂದರೆ ಜೀವ. ಜೊತೆಗೆ ಲೋಕದ ಕಷ್ಟಕ್ಕೆಲ್ಲ ಚಕ್ರವೇ ಮದ್ದು ಎಂಬ ನಂಬಿಕೆ. ಕಬ್ಬಿಣದ ಸರಳನ್ನು ಬಳೆಯಂತೆ ಬಗ್ಗಿಸಿ, ನಡುವೆ ಕ್ಯಾನ್ವಾಸಿನ ಸೀಟು ಕಟ್ಟಿ, ಕೆಳಗೆ ನಾಲ್ಕು ಚಕ್ರ ಹಾಕಿ ನಡಿಗೆಯ ಗಾಡಿಯೊಂದನ್ನು ಮಾಡಿಯೇಬಿಟ್ಟರು. ಪೇಟೆಯ ಗಾಡಿಗಳು ಕಿರುಗುಟ್ಟುತ್ತವೆ. ಅಜ್ಜನ ಗಾಡಿ ಹಾಗಲ್ಲ. ಒಳ್ಳೆಯ ಬೇರಿಂಗು, ಒಳ್ಳೆಯ ಗ್ರೀಸು. ಬೆರಳಲ್ಲಿ ನೂಕಿದರೆ ಗೋಡೆಯವರೆಗೆ ಸದ್ದಿಲ್ಲದೆ ಓಡುತ್ತಿತ್ತು. ಬೀದಿಯೇ ಬಂದು ನೋಡಿ ಹೊಗಳಿತು. ಡುಮ್ಮಿಯೂ ಕೇಕೆ ಹಾಕಿ ಮನೆಯೆಲ್ಲ ಸುತ್ತಿದಳು.

ಒಂದು ದಿನ ಬೆಳಗ್ಗೆ ಆರೋಗ್ಯ ಕೇಂದ್ರದ ನರ್ಸಕ್ಕ ತನ್ನ ಸೈಕಲ್ಲಿನ ಬ್ರೇಕು ಸರಿಮಾಡಿಸಲು ಬಂದಳು. ಹಾದಿಯಾಚೆ ಓಡಾಡುತ್ತಿದ್ದ ಗಾಡಿ ಅವಳ ಕಣ್ಣಿಗೆ ಬಿತ್ತು. ಮಗುವನ್ನು ಅದರಲ್ಲಿ ಕೂರಿಸಬೇಡಿ, ಅದರಿಂದ ನಡಿಗೆ ಬೇಗ ಬರುವುದಿಲ್ಲ, ಮಗು ತುದಿಗಾಲಲ್ಲಿ ನೂಕುವುದನ್ನಷ್ಟೇ ಕಲಿಯುತ್ತದೆ ಎಂದು ಮೆತ್ತಗೆ ಹೇಳಿದಳು. ಅಜ್ಜ ಕೇಳುವವರೇ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಇಡೀ ಬೀದಿ ಚೆನ್ನಾಗಿದೆ ಎನ್ನುವಾಗ ನಿಮ್ಮದೊಂದು ತಕರಾರು ಎಂದು ಬ್ರೇಕಿನ ತಂತಿ ಎಳೆಯತೊಡಗಿದರು.

ಆಗಲೇ ಒಳಗೆ ಸೊಸೆ ಸೂಜಿಗೆ ದಾರ ಪೋಣಿಸಲು ತಲೆ ಬಗ್ಗಿಸಿದಳು. ಅಷ್ಟು ಸಾಕಾಯಿತು. ಡುಮ್ಮಿ ಗೋಡೆಗೆ ಕಾಲು ಕೊಟ್ಟು ನೂಕಿದಳು. ಗಾಡಿ ಇಕ್ಕಟ್ಟು ಹಾದಿ ದಾಟಿ ಅಂಗಡಿಗೆ ಬಂತು, ಅಂಗಡಿ ದಾಟಿ ಇಳಿಜಾರಿಗೆ ಹೊರಳಿತು. ಸದ್ದೇ ಇಲ್ಲ. ಬೀದಿಯಲ್ಲಿ ಸಾಮಾನು ತುಂಬಿದ ಲಾರಿಯೊಂದು ಬರುತ್ತಿತ್ತು. ಅಜ್ಜ ಸೈಕಲ್ಲನ್ನು ಅಲ್ಲೇ ಕೆಡವಿ ಹಾರಿದರು, ಮಂಡಿಯೂರಿ ಬಿದ್ದರು, ಇಳಿಜಾರಿನ ಕೊನೆಯಲ್ಲಿ ಕಬ್ಬಿಣದ ಬಳೆ ಅವರ ಕೈಗೆ ಸಿಕ್ಕಿತು. ಲಾರಿ ಹಾದುಹೋಯಿತು. ಡುಮ್ಮಿ ಚಪ್ಪಾಳೆ ತಟ್ಟುತ್ತಿದ್ದಳು. ಸೊಸೆ ಹೊರಗೆ ಓಡಿಬಂದು ಮಗಳನ್ನು ಎತ್ತಿ ಅಪ್ಪಿಕೊಂಡಳು.

ಆಮೇಲೆ ಅಜ್ಜ ಮಂಡಿಯ ರಕ್ತ ಒರೆಸಿಕೊಳ್ಳುತ್ತ ಹೇಳಿದ್ದೇನು ಗೊತ್ತೇ?

"ಇದಕ್ಕೊಂದು ಬ್ರೇಕು ಹಾಕಿದ್ರೆ ಆಯ್ತು ಬಿಡಿ."

ಮಾವನಿಗೆ ಎಂದೂ ಎದುರಾಡದ ಸೊಸೆ ಅಂದು ಬಾಯಿ ತೆರೆದಳು.

"ಮಾವ, ಸೈಕಲ್ ಕಲಿಯೋ ಮಕ್ಕಳನ್ನ ಕರ್ಕೊಂಡು ಬರೋರಿಗೆ ನೀವು ಏನ್ ಹೇಳ್ತೀರಿ? ಪಕ್ಕದ ಪುಟ್ಟ ಚಕ್ರ ಇರೋವರೆಗೂ ಮಗೂಗೆ ಬ್ಯಾಲೆನ್ಸ್ ಬರಲ್ಲ, ಬಿಚ್ಚಿಸಿ ಅಂತ ತಾನೇ? ನಮ್ಮ ಡುಮ್ಮೀಗೆ ಮಾತ್ರ ಯಾಕೆ ನಾಲ್ಕು ಚಕ್ರ ಹಾಕಿದ್ರಿ?"

ಅಜ್ಜ ಸೊಸೆಯ ಮುಖ ನೋಡಿದರು, ಗಾಡಿ ನೋಡಿದರು. ಸ್ಪ್ಯಾನರ್ ತಂದು ಅಲ್ಲೇ ಕೂತು ಚಕ್ರಗಳನ್ನು ಒಂದೊಂದಾಗಿ ಬಿಚ್ಚಿದರು. ಕೊನೆಯದನ್ನು ಬಿಚ್ಚಿದ ಮೇಲೆ ನರ್ಸಕ್ಕನ ಕಡೆ ತಿರುಗಿ, "ಈಗ ಏನು ಮಾಡ್ಬೇಕು, ಹೇಳಮ್ಮ" ಎಂದರು.

ನರ್ಸಕ್ಕ ಒಳಗೆ ಬಂದು ಮೊದಲು ಡುಮ್ಮಿಯ ಕಾಲು, ಸೊಂಟ ನೋಡಿದಳು, ನಿಲ್ಲಿಸಿ ನೋಡಿದಳು. ಎಲ್ಲ ಸರಿಯಾಗಿದೆ ಎಂದಳು. ಕೆಲವು ಮಕ್ಕಳು ವರ್ಷದೊಳಗೆ ನಡೆಯುತ್ತವೆ, ಕೆಲವು ಒಂದೂವರೆ ವರ್ಷದ ಹೊತ್ತಿಗೆ. ಎರಡೂ ಸರಿಯೇ. ಒಂದೂವರೆ ವರ್ಷವಾದರೂ ತಾನಾಗಿ ನಡೆಯದಿದ್ದರೆ, ಒಂದು ಕಾಲು ಎಳೆಯುತ್ತಿದ್ದರೆ, ಮೊದಲು ಬರುತ್ತಿದ್ದ ಆಟ, ಮಾತು ನಿಂತುಹೋದರೆ ಮಾತ್ರ ತಡ ಮಾಡದೆ ಡಾಕ್ಟರಿಗೆ ತೋರಿಸಬೇಕು. ಇದನ್ನು ಕೇಳಿ ಸೊಸೆಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಮಗುವನ್ನು ನೆಲಕ್ಕೆ ಬಿಡಿ, ಮನೆಯೊಳಗೆ ಬರಿಗಾಲಲ್ಲೇ ಇರಲಿ ಎಂದಳು ನರ್ಸಕ್ಕ. ಬೆರಳಿಗೆ ನೆಲ ಸಿಕ್ಕರೆ ಹಿಡಿತ ಬರುತ್ತದೆ. ಕೈ ಮೇಲಕ್ಕೆತ್ತಿ ಜೋತಾಡಿಸಿ ನಡೆಸಬಾರದು, ಆಸರೆ ಬೇಕೆನಿಸಿದರೆ ಸೊಂಟದ ಹತ್ತಿರ ಹಗುರವಾಗಿ ಹಿಡಿದರೆ ಸಾಕು. ಅಲುಗಾಡದ ಬೆಂಚು, ಮಂಚ ಸಾಲಾಗಿದ್ದರೆ ಮಗು ಒಂದನ್ನು ಹಿಡಿದು ಇನ್ನೊಂದಕ್ಕೆ ತಾನೇ ಸಾಗುತ್ತದೆ. ಆದರೆ ಮನೆ ಅದಕ್ಕೆ ತಯಾರಿರಬೇಕು, ಪಕ್ಕದಲ್ಲಿ ಒಬ್ಬರು ದೊಡ್ಡವರು ಇರಲೇಬೇಕು.

ಅಜ್ಜ ಒಪ್ಪಿಕೊಂಡರೆಂದರೆ ಮುಗಿಯಿತು, ಅವರ ಕೈ ನಿಲ್ಲುವುದಿಲ್ಲ. ಹಾದಿಗೆ ಮಗುವಿನ ಕೈಗೆ ಎಟುಕದ ಚಿಲಕದ ಹಲಗೆ ಬಾಗಿಲು ಬಂತು. ಹಳೆಯ ಟ್ಯೂಬುಗಳನ್ನು ತೊಳೆದು, ಸೀಳಿ, ಮೇಜಿನ ಮೂಲೆಗಳಿಗೆಲ್ಲ ಬಿಗಿಯಾಗಿ ಸುತ್ತಿದರು. ಸೊಸೆಯ ಸೂಜಿ, ಕತ್ತರಿ, ಇಸ್ತ್ರಿ ಪೆಟ್ಟಿಗೆಯ ವೈರು ಎತ್ತರದ ಗೂಡು ಸೇರಿದವು. ಅತ್ತೆ ಬಿಸಿ ಪಾತ್ರೆಗಳನ್ನು ಒಲೆಯ ಹಿಂಬದಿಗೆ ಸರಿಸಿದರು, ನೀರು ಚೆಲ್ಲಿದರೆ ಆಗಲೇ ಒರೆಸಿದರು. ನೀರು ತುಂಬಿದ ಬಕೆಟ್ಟು ಬಚ್ಚಲಿನಲ್ಲಿ ಬಾಯಿ ತೆರೆದು ಕೂರುವುದು ನಿಂತಿತು.

ಮತ್ತೆ ಡುಮ್ಮಿ ಬಿದ್ದಳು, ಎದ್ದಳು, ಬೆಂಚು ಹಿಡಿದು ಅಡ್ಡಡ್ಡ ನಡೆದಳು. ಎದುರು ಮನೆಯವರು ಕೇಳುತ್ತಲೇ ಇದ್ದರು. ಸೊಸೆ ಈಗ ನಗುತ್ತಲೇ, "ನಡೀತಾಳೆ ಬಿಡಿ, ನಮಗೇನೂ ಆತುರ ಇಲ್ಲ" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಮಗ ಬಸ್ಸಿನ ಕೆಲಸ ಮುಗಿಸಿ ಬಂದಿದ್ದ. ಎಲ್ಲರೂ ನೆಲದ ಮೇಲೆ ಕೂತಿದ್ದರು. ಡುಮ್ಮಿ ಬೆಂಚಿನ ಅಂಚು ಹಿಡಿದು ಅಪ್ಪನನ್ನೇ ನೋಡುತ್ತಿದ್ದಳು. ಏನೆನ್ನಿಸಿತೋ, ಕೈ ಬಿಟ್ಟಳು. ಒಂದು ಹೆಜ್ಜೆ ಇಟ್ಟಳು, ತೂರಾಡಿದಳು. ಅಜ್ಜನ ಎರಡೂ ಕೈ ತಾವಾಗಿ ಮುಂದೆ ಬಂದವು. "ಇರಿ ಮಾವ" ಎಂದಳು ಸೊಸೆ. ಅಜ್ಜ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಉಸಿರು ಬಿಗಿಹಿಡಿದರು. ಮಗು ತಾನೇ ಸಾವರಿಸಿಕೊಂಡಿತು. ಇನ್ನೊಂದು ಹೆಜ್ಜೆ, ಮತ್ತೊಂದು. ಅಪ್ಪನ ಮಡಿಲಿಗೆ ಬಿದ್ದು ತಿರುಗಿ ಎಲ್ಲರನ್ನೂ ನೋಡಿದಳು. ಗೆದ್ದವಳು ಅವಳು, ಅತ್ತವಳು ಅಮ್ಮ. ಅಷ್ಟು ಸಂತೋಷದ ಅಳುವನ್ನು ಆ ಮನೆ ಕಂಡಿರಲಿಲ್ಲ. ಅಜ್ಜ ಅಂಗಡಿಗೆ ಓಡಿ ಕಾದು ಕೂತಿದ್ದ ಗಿರಾಕಿಗಳಿಗೆಲ್ಲ ಸುದ್ದಿ ಹೇಳಿದರು. ಯಾರ ಸೈಕಲ್ಲೂ ಅಂದು ರಿಪೇರಿಯಾಗಲಿಲ್ಲ, ಯಾರೂ ಬೈಯಲಿಲ್ಲ.

ಕೇಳುತ್ತಿರುವ ತಾಯಂದಿರೇ, ಅಪ್ಪಂದಿರೇ, ಅಜ್ಜ ಅಜ್ಜಿಯರೇ, ಇದನ್ನು ಕೇಳಿ ಎದ್ದು ಹೋಗಬೇಡಿ, ಬಗ್ಗಿ. ನಿಮ್ಮ ಮನೆಯಲ್ಲಿ ಮಂಡಿಯೂರಿ, ಮಗುವಿನ ಎತ್ತರಕ್ಕೆ ಕಣ್ಣಿಟ್ಟು ಒಂದು ಸುತ್ತು ಬನ್ನಿ. ಚೂಪು, ಬಿಸಿ, ಜಾರು, ತೆರೆದ ಬಾಗಿಲು, ಎಲ್ಲ ಆಗ ಕಾಣುತ್ತವೆ. ಅವನ್ನು ಇವತ್ತೇ ಸರಿಮಾಡಿ. ನಾಳೆ ಬೆಳಗ್ಗೆ ನಿಮ್ಮ ಮಗುವನ್ನು ಬರಿಗಾಲಲ್ಲಿ ನೆಲಕ್ಕೆ ಬಿಟ್ಟು, ನೀವು ಪಕ್ಕದಲ್ಲೇ ಕೂತುಕೊಳ್ಳಿ.