ಆವೃತ್ತಿಯ ನಿವೃತ್ತಿ

ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯ ಐದನೇ ಆವೃತ್ತಿಯು ದೀರ್ಘಕಾಲ ನಿಷ್ಠೆಯಿಂದ ದುಡಿದು, ಬರುವ ಶುಕ್ರವಾರ ಊಟದ ನಂತರ ನಮ್ಮ ಸರ್ವರ್‌ಗಳಿಂದ ಗೌರವಪೂರ್ವಕವಾಗಿ ನಿವೃತ್ತಿ ಹೊಂದಲಿದೆ. ಆ ಪ್ರಯುಕ್ತ ಎರಡನೇ ಮಹಡಿಯಲ್ಲಿ ಕೇಕ್ ಇರುತ್ತದೆ. ತಟ್ಟೆಯನ್ನು ಅವರವರೇ ತರತಕ್ಕದ್ದು.

ಈ ನೋಟೀಸನ್ನು ಲಿಫ್ಟಿನ ಪಕ್ಕ ಅಂಟಿಸಿದವರು ಮ್ಯಾನೇಜರ್. ಯಾರನ್ನಾದರೂ ನಿವೃತ್ತಿ ಮಾಡಿಸುವುದೆಂದರೆ ಅವರಿಗೆ ಬಹಳ ಹುರುಪು. ಸದ್ಯಕ್ಕೆ ಕೈಗೆ ಸಿಕ್ಕಿದ್ದು ಒಂದು ಆವೃತ್ತಿ. ಜನರ ವೆಬ್‌ಸೈಟುಗಳಿಗೆ ತನ್ನ ಯಂತ್ರಗಳಲ್ಲಿ ಜಾಗ ಕೊಡುವುದು ಅವರ ಕಂಪನಿಯ ಕಸುಬು. ಇಂಥವರನ್ನು ಹೋಸ್ಟ್, ಅಂದರೆ ಆತಿಥೇಯರು ಎನ್ನುತ್ತಾರೆ. ಅತಿಥಿ ಒಬ್ಬನಾದರೂ ಮೆಟ್ಟಿಲು ಹತ್ತಿ ಬಂದದ್ದು ಮಾತ್ರ ಯಾರಿಗೂ ನೆನಪಿಲ್ಲ. ಹಳೇ ಆವೃತ್ತಿಯನ್ನು ರಿಪೇರಿ ಮಾಡುವವರು ಈಗ ಯಾರೂ ಇಲ್ಲ, ತೂತು ಬಿದ್ದರೆ ಕಳ್ಳರು ನುಗ್ಗುತ್ತಾರೆ, ಆದ್ದರಿಂದ ತೆಗೆಯಲೇಬೇಕು. ಅದು ಸರಿಯಾದ ಮಾತೇ. ಹಳೇದರಲ್ಲಿ ಬರೆದ ಸೈಟುಗಳನ್ನು ಮಾಲೀಕರು ಹೊಸದಕ್ಕೆ ತಿದ್ದಿಕೊಳ್ಳಬೇಕು. ತಿದ್ದದಿದ್ದರೆ ಶುಕ್ರವಾರದಿಂದ ಅಲ್ಲೊಂದು ಬಿಳಿ ಪುಟ.

ಗ್ರಾಹಕರ ದೂರಿಗೆ ಆ ಆಫೀಸಿನಲ್ಲಿ ಟಿಕೆಟ್ ಎಂದು ಹೆಸರು. ದಿನವಿಡೀ ಅವುಗಳನ್ನು ಹರಿಯುತ್ತಾ ಕೂರುವವಳನ್ನು ಎಲ್ಲರೂ ಟಿಕೆಟ್ ಅಕ್ಕ ಎನ್ನುತ್ತಿದ್ದರು. ಆ ಸೋಮವಾರ ಅವಳ ಮೇಜಿನ ಮುಂದೆ ಒಂದು ಟಿಕೆಟ್ಟು ಕಾಲು ಮೂಡಿಸಿಕೊಂಡು ಬಂದು ನಿಂತಿತು: ಸೂಜಿಯಂತೆ ಸಣಕಲು ಮುದುಕ, ಕೊರಳಲ್ಲಿ ಅಳತೆ ಟೇಪು.

"ನನ್ನ ತಂಗೀನ ಶುಕ್ರವಾರ ತೆಗೀತೀವಿ ಅಂತ ಬರ್ದಿರೋದು ಯಾರಮ್ಮ?"

"ತಂಗೀನಲ್ಲ ಯಜಮಾನ್ರೇ, ಹಳೇ ಆವೃತ್ತೀನ."

"ನಂಗೆ ಎರಡೂ ಒಂದೇ" ಎಂದು ಕುರ್ಚಿ ಎಳೆದುಕೊಂಡು ಕೂತ.

ಅವನು ದರ್ಜಿ. ತಂಗಿ ಬದುಕಿದ್ದಾಗ ಅಣ್ಣನಿಗೆಂದು ಒಂದು ಸೈಟು ಬರೆದುಕೊಟ್ಟಿದ್ದಳು. ಗಿರಾಕಿಯ ನಂಬರು ಹಾಕಿ ಗುಂಡಿ ಒತ್ತಿದರೆ ಬಟ್ಟೆಯನ್ನು ಎಲ್ಲೆಲ್ಲಿ ಕತ್ತರಿಸಬೇಕೆಂಬ ಚಿತ್ರ ಬರುತ್ತಿತ್ತು. ಚಿತ್ರದ ಕೆಳಗೆ ತಂಗಿಯ ಒಂದು ಕುಟುಕು ಮಾತು. ಒಂದು ನಂಬರಿಗೆ ಯಾವಾಗಲೂ ಒಂದೇ ಮಾತು. ದಪ್ಪ ವಕೀಲರ ನಂಬರು ಹಾಕಿದರೆ, 'ಹೊಟ್ಟೆ ಹತ್ರ ಒಂದಿಂಚು ಜಾಸ್ತಿ ಬಿಡಣ್ಣ, ಊಟ ಬಿಡೋ ಮುಖ ಅಲ್ಲ ಇದು.' ಶಾಲೆಯ ಹೆಡ್‌ಮಾಸ್ಟರಿಗೆ, 'ಜೇಬು ಚಿಕ್ಕದಿರ್ಲಿ, ಕೈ ಹೊರಗೆ ಬರೋದೇ ಇಲ್ಲ.' ತಂಗಿ ತೀರಿಕೊಂಡ ಮೇಲೂ ಅಂಗಡಿಯಲ್ಲಿ ಅವಳ ಬಾಯಿ ನಿಂತಿರಲಿಲ್ಲ.

"ಒಂದನೇ ನಂಬರು ನಂದು" ಎಂದ ದರ್ಜಿ. "ಮೊದಲು ನನ್ನ ಅಳತೇನೇ ತಗೊಂಡಿದ್ಲು. ಊರಿಗೆಲ್ಲ ಹೊಲಿದು ನೀನು ಮಾತ್ರ ಹರ್ಕು ಅಂಗೀಲಿ ಓಡಾಡ್ತೀಯಾ, ನಿಂಗೆ ಅಂತ ಒಂದು ಕೋಟು ಹೊಲ್ಕೊಳ್ಳೋ ದಿನ ಗುಂಡಿ ಒತ್ತು, ಒಂದು ಮಾತು ಇಟ್ಟಿದೀನಿ ಅಂದ್ಲು. ಇನ್ನೂ ಒತ್ತಿಲ್ಲ."

"ಅಯ್ಯೋ, ಹಾಗಿದ್ರೆ ಈಗ್ಲೇ ಒತ್ತಿಬಿಡಿ. ಶುಕ್ರವಾರ ಏನಾದ್ರೂ ಆಗ್ಲಿ."

"ಕೋಟು ಎಲ್ಲಮ್ಮ? ಬಟ್ಟೆ ಈಗಷ್ಟೇ ತಂದಿದೀನಿ." ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ. "ಅದಿರ್ಲಿ. ಒಂದು ಮಾತು ಬಾಕಿ ಇದೆ ಅಂತಿದ್ರೆ, ಅವಳು ಇನ್ನೂ ಏನೋ ಹೇಳೋದಿದೆ ಅಂತ ಅಲ್ವಾ? ಒತ್ತಿಬಿಟ್ರೆ ಮುಗೀತು."

ಮಾಲೀಕರ ಸೈಟಿಗೆ ಕೈ ಹಾಕಬಾರದೆಂಬ ನಿಯಮ ಗೋಡೆಯ ಮೇಲೆಯೇ ಇತ್ತು. ಟಿಕೆಟ್ ಅಕ್ಕ ಅದಕ್ಕೆ ಬೆನ್ನು ಹಾಕಿ ಹೇಳಿದಳು:

"ನಾನೇ ಹೊಸದಕ್ಕೆ ತಿದ್ದಿಕೊಡ್ತೀನಿ. ಚಿತ್ರನೂ ಹಾಗೇ ಇರತ್ತೆ, ಮಾತೂ ಹಾಗೇ ಇರತ್ತೆ. ನೀವು ಆರಾಮಾಗಿ ಕೋಟು ಹೊಲ್ಕೊಳ್ಳಿ."

"ಮಾತುಗಳನ್ನ ಓದ್ತೀರಾ?"

"ಓದ್ಬಾರ್ದು ಅಂದ್ರೆ ಓದಲ್ಲ."

"ಓದ್ಬೇಡಿ. ನಂದನ್ನ ನನಗಿಂತ ಮುಂಚೆ ಇನ್ಯಾರೋ ಓದೋದು ಬೇಡ."

ಪಕ್ಕದ ಮೇಜಿನಲ್ಲಿ ಕೂರುವವನಿಗೆ ಗಡ್ಡವೇ ಹೆಸರು, ಗಡ್ಡವೇ ಗುರುತು. ಟಿಕೆಟ್ ಅಕ್ಕ ಒಂದು ಉದ್ದನೆಯ ಕಾಗದವನ್ನು ಪರದೆಯ ಕೆಳಭಾಗಕ್ಕೆ ಅಂಟಿಸುವುದನ್ನು ಅವನು ನೋಡಿದ.

"ಏನಕ್ಕಾ, ಕಂಪ್ಯೂಟರಿಗೆ ಲಂಗ ತೊಡಿಸ್ತಾ ಇದೀಯಾ?"

"ಮರ್ಯಾದೆ ಇರೋ ಕಂಪ್ಯೂಟರು. ನೀನು ಆಕಡೆ ನೋಡು."

ಹೀಗೆ ಕೆಲಸ ನಡೆಯಿತು. ತಂಗಿಯ ಬರವಣಿಗೆ ಅಚ್ಚುಕಟ್ಟಾಗಿತ್ತು. ಹೊಸ ಆವೃತ್ತಿ ಒಪ್ಪದ ಸಾಲುಗಳು ಕೆಲವೇ ಇದ್ದವು; ಕಾಲರಿನ ಲೆಕ್ಕದಲ್ಲಿ ಒಂದೆರಡು, ತೋಳಿನ ಲೆಕ್ಕದಲ್ಲಿ ಒಂದು. ಮಾತುಗಳಿದ್ದ ಕಡತವನ್ನು ಅಕ್ಕ ತೆರೆಯದೆಯೇ ಇದ್ದ ಹಾಗೆ ಹೊಸ ಯಂತ್ರಕ್ಕೆ ಸಾಗಿಸಿದಳು. ಗಿರಾಕಿಗಳ ನಂಬರು ಒಂದೊಂದಾಗಿ ಹಾಕಿ, ಹಳೇ ಚಿತ್ರ ಹೊಸ ಚಿತ್ರ ಪಕ್ಕಪಕ್ಕ ಇಟ್ಟು, ಗೆರೆಗೆ ಗೆರೆ ಹೋಲಿಸಿದಳು. ಚಿತ್ರದ ಕೆಳಗೆ ಏನೋ ಒಂದು ಸಾಲು ಬರುತ್ತಿದೆ ಎಂಬುದು ಕಾಗದದ ಅಂಚಿನಿಂದ ಇಣುಕುವ ಅಕ್ಷರಗಳ ತುದಿಯಿಂದ ಗೊತ್ತಾಗುತ್ತಿತ್ತು. ಅಷ್ಟು ಸಾಕೆಂದುಕೊಂಡಳು. ಒಂದನೇ ನಂಬರನ್ನಂತೂ ಮುಟ್ಟಲೇ ಇಲ್ಲ. ಎಲ್ಲ ಪರೀಕ್ಷೆಗೂ ಹಸಿರು ಗುರುತು ಬಿತ್ತು.

ಶುಕ್ರವಾರ ಮ್ಯಾನೇಜರ್ ಭಾಷಣ ಮಾಡಿದರು. "ಆವೃತ್ತಿಗಳು ಬರುತ್ತವೆ, ಆವೃತ್ತಿಗಳು ಹೋಗುತ್ತವೆ, ನಾವು ಇಲ್ಲೇ ಇರುತ್ತೇವೆ" ಎಂದರು. ಮೂರನೆಯದರ ಬಗ್ಗೆ ಯಾರಿಗೂ ಅಷ್ಟು ಖಾತ್ರಿ ಇದ್ದಂತೆ ಕಾಣಲಿಲ್ಲ. ಗಡ್ಡ ನಿಯಮದ ಪ್ರಕಾರ ಹಳೇ ಯಂತ್ರಗಳ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಅಳಿಸಿ, ಸ್ವಿಚ್ ಆಫ್ ಮಾಡಿದ. ಫ್ಯಾನುಗಳ ಸದ್ದು ನಿಂತಾಗ ಕೋಣೆ ಇದ್ದಕ್ಕಿದ್ದಂತೆ ದೊಡ್ಡದಾಯಿತು. ತಟ್ಟೆ ತಾರದವರು ಕೇಕನ್ನು ಅಂಗೈಯಲ್ಲೇ ತಿಂದರು.

ಕೆಲವು ವಾರ ಕಳೆದು ದರ್ಜಿ ಫೋನ್ ಮಾಡಿದ. "ಒಂದು ಸಲ ಅಂಗಡಿಗೆ ಬನ್ನಿ" ಎಂದಷ್ಟೇ ಹೇಳಿದ. ದನಿ ಸಪ್ಪೆಯಾಗಿತ್ತು.

ಅಂಗಡಿ ಒಂದು ಕಿರಿದಾದ ಕೋಣೆ. ಕಿಟಕಿಯ ಬೆಳಕು ನೇರ ಕತ್ತರಿಸುವ ಮೇಜಿನ ಮೇಲೆ ಬೀಳುತ್ತಿತ್ತು. ದರ್ಜಿ ಬೂದು ಬಣ್ಣದ ಕೋಟು ತೊಟ್ಟು ನಿಂತಿದ್ದ. ಕಚ್ಚಾ ಹೊಲಿಗೆಯ ಬಿಳಿ ದಾರಗಳು ಇನ್ನೂ ಹಾಗೇ ಇದ್ದವು. ಮೈಗೆ ಹೇಳಿ ಮಾಡಿಸಿದಂತಿತ್ತು, ಮಾಡಿಸಿದ್ದೂ ಹೌದು.

"ಒತ್ತಿದೆ" ಎಂದು ಪರದೆ ತೋರಿಸಿದ.

'ಹೊಟ್ಟೆ ಹತ್ರ ಒಂದಿಂಚು ಜಾಸ್ತಿ ಬಿಡಣ್ಣ, ಊಟ ಬಿಡೋ ಮುಖ ಅಲ್ಲ ಇದು.'

"ಇದು ವಕೀಲರದು" ಎಂದ ದರ್ಜಿ. "ಕೋಟು ಹೊಲಿಯೋ ಗಡಿಬಿಡೀಲಿ ಇಷ್ಟು ದಿನ ಬೇರೆ ಯಾರ ನಂಬರೂ ಹಾಕಿರ್ಲಿಲ್ಲ, ಆಮೇಲೆ ವಕೀಲರದ್ದು ಹಾಕಿ ನೋಡ್ದೆ. ಅವರಿಗೆ ಹೆಡ್‌ಮಾಸ್ಟರದು ಬಂತು. ಹೊಲಿಗೆ ಎಲ್ಲ ಸರಿಯಾಗಿದೆ ಅಮ್ಮ, ಚಿತ್ರ ಒಂದಿಷ್ಟೂ ತಪ್ಪಿಲ್ಲ. ಮಾತು ಮಾತ್ರ ಊರೆಲ್ಲ ಅದಲು ಬದಲು."

ಟಿಕೆಟ್ ಅಕ್ಕ ಅಲ್ಲೇ ಸ್ಟೂಲಿನ ಮೇಲೆ ಕೂತು ಮೊದಲ ಸಲ ಆ ಕಡತವನ್ನು ತೆರೆದಳು. ಯಾವ ನಂಬರಿಗೆ ಯಾವ ಮಾತು ಎಂದು ತಂಗಿ ಎಲ್ಲೂ ಬರೆದಿಟ್ಟಿರಲಿಲ್ಲ. ಗಿರಾಕಿಯ ನಂಬರನ್ನು ಕಂಪ್ಯೂಟರಿಗೆ ಕೊಟ್ಟು, ಅದರಿಂದಲೇ ಚೀಟಿ ಎತ್ತಿಸಿದ್ದಳು. ಅದೇ ನಂಬರು ಕೊಟ್ಟರೆ ಅದೇ ಚೀಟಿ. ಹಾಗಾಗಿ ಬರೆದಿಡುವ ಅಗತ್ಯ ಬಿದ್ದಿರಲಿಲ್ಲ. ಅಣ್ಣನ ನಂಬರಿಗೂ ಗಿರಾಕಿಗಳ ನಂಬರಿಗೂ ಬೇಕಾದ ಮಾತು ಬೀಳುವವರೆಗೆ ಚೀಟಿಗಳನ್ನು ಹಿಂದೆ ಮುಂದೆ ಸರಿಸುತ್ತಾ ಹೋಗಿದ್ದಳು. ಪ್ರೋಗ್ರಾಂ ಬರೆಯುವವರು ಬಿಟ್ಟರೆ ಇನ್ಯಾರೂ ಮಾಡದ ಸೋಮಾರಿ ಜಾಣತನ. ಮೇಲೆ ತನಗೆ ತಾನೇ ಒಂದು ಟಿಪ್ಪಣಿ ಬರೆದುಕೊಂಡಿದ್ದಳು: 'ಅಣ್ಣಂಗೆ ಸರಿಯಾಗಿ ಬಂತು. ಇನ್ನು ಯಾರೂ ಈ ಸಾಲುಗಳನ್ನ ಮುಟ್ಟಬೇಡಿ.'

ಯಾರೂ ಮುಟ್ಟಿರಲಿಲ್ಲ. ಹೊಸ ಆವೃತ್ತಿ ಚೀಟಿ ಎತ್ತುವ ವಿಧಾನವನ್ನೇ ಬದಲಿಸಿತ್ತು. ಬದಲಾವಣೆಗಳ ಉದ್ದನೆಯ ಪ್ರಕಟಣೆಯಲ್ಲಿ ಅದಕ್ಕೂ ಒಂದು ಸಾಲಿತ್ತು. ಟಿಕೆಟ್ ಅಕ್ಕ ಆ ಪ್ರಕಟಣೆಯನ್ನು ಓದಿದ್ದಳು. ಆ ಸಾಲು ಬಂದಾಗ ಇದು ಜೂಜಿನ ಸೈಟುಗಳಿಗೆ ಇರಬೇಕು ಎಂದುಕೊಂಡು ಮುಂದೆ ಹೋಗಿದ್ದಳು.

"ಹಳೇದನ್ನ ವಾಪಸ್ ಹಾಕೋಕಾಗಲ್ವಾ?"

ಅವಳು ಗಡ್ಡನಿಗೆ ಫೋನ್ ಹಚ್ಚಿದಳು. ಗಡ್ಡ ಎಲ್ಲಿಂದಲೋ ಒಂದು ಹಳೇ ಆವೃತ್ತಿಯನ್ನು ಹುಡುಕಿ ತನ್ನ ಯಂತ್ರಕ್ಕೆ ಹಾಕಿ, ಅವಳು ಕಳಿಸಿದ ಕಡತವನ್ನು ಓಡಿಸಿ ನೋಡಿದ. ಒಂದನೇ ನಂಬರಿಗೆ ಇನ್ನೂ ಬೇರೆಯೇ ಮಾತು ಬಂತು. ವಕೀಲರಿಗೂ ಅವರ ಮಾತು ಬರಲಿಲ್ಲ. "ಹಳೇದು ಚೀಟಿ ಎತ್ತೋಕೆ ಅಡಿಯಲ್ಲಿರೋ ಯಂತ್ರಾನೇ ಕೇಳ್ತಿತ್ತಕ್ಕ, ಒಂದೊಂದು ಯಂತ್ರ ಎತ್ತೋದು ಒಂದೊಂದು ಥರ" ಎಂದ. "ಆ ಯಂತ್ರಾನ ನಾನೇ ಅಳಿಸಿದ್ದಲ್ವಾ. ಅದರೊಳಗೆ ಏನೇನಿತ್ತು ಅಂತ ಈಗ ಯಾರಿಗ್ ಗೊತ್ತು?" ಈ ಸಲ ಅವನು ತಮಾಷೆ ಮಾಡಲಿಲ್ಲ.

ಅವಳು ಫೋನ್ ಇಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ದರ್ಜಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಮಾತು ಒಳಗೇ ಎಲ್ಲೋ ಇದೆ, ಅಷ್ಟೇ ತಾನೆ? ಓದಿ. ಯಾರದ್ಯಾರದು ಅಂತ ನಂಗೊತ್ತು. ಗೊತ್ತಿಲ್ಲದೇ ಇರೋದು ನಂದು."

ಅವಳು ಓದುತ್ತಾ ಹೋದಳು. ಅವನು ಕಣ್ಣು ಮುಚ್ಚಿಕೊಂಡು ವಿಂಗಡಿಸುತ್ತಾ ಹೋದ. "ಬ್ಯಾಂಕಿನವನದು. ಇದು ಡಾಕ್ಟರಮ್ಮಂದು. ಇದು ಆ ಡ್ರೈವರದು, ಪಾಪ ಹೋಗ್ಬಿಟ್ಟ." ಕೊನೆಗೆ ಯಾರ ಚೀಟಿಗೂ ಬಾರದೆ ಉಳಿದಿದ್ದ ಕೆಲವು ಮಾತುಗಳು ಮಿಕ್ಕವು.

"'ಸಾಕು, ಅಂಗಡಿ ಬಾಗಿಲು ಹಾಕಿ ಎಲ್ಲಾದ್ರೂ ಹೋಗಿ ಬಾ.'"

"ಇದು ನಂಗೇ ಇರ್ಬಹುದು."

"'ಕನ್ನಡಿ ಮುಂದೆ ನಿಂತ್ಕೊ. ಅಷ್ಟೇನೂ ಕೆಟ್ಟದಾಗಿಲ್ಲ ನೀನು.'"

"ಇದೂ ನಂಗೇ ಇರ್ಬಹುದು."

"'ಇಷ್ಟು ತಡ ಮಾಡ್ತೀಯಾ ಅಂತ ನಂಗೆ ಮೊದಲೇ ಗೊತ್ತಿತ್ತು.'"

ದರ್ಜಿ ಕಣ್ಣು ತೆರೆದ. "ಇನ್ನೊಂದು ಸಲ ಓದಿ."

ಅವಳು ಇನ್ನೊಂದು ಸಲ ಓದಿದಳು.

"ಇದೇನಾ ಅಮ್ಮ?"

ಹೂಂ ಅಂದುಬಿಟ್ಟಿದ್ದರೆ ಆಗಿಹೋಗುತ್ತಿತ್ತು. ಪರೀಕ್ಷಿಸಲು ಯಾರಿಂದಲೂ ಆಗುತ್ತಿರಲಿಲ್ಲ, ಯಾವ ಯಂತ್ರದಿಂದಲೂ ಆಗುತ್ತಿರಲಿಲ್ಲ. ಅವನು ತಂಗಿಯ ಮಾತನ್ನು ಕೇಳಿಸಿಕೊಂಡವನಂತೆ ಮುಖವನ್ನು ಆಗಲೇ ಸಿದ್ಧ ಮಾಡಿಕೊಂಡಿದ್ದ. ಟಿಕೆಟ್ ಅಕ್ಕನ ನಾಲಿಗೆಯ ತುದಿಗೆ ಆ ಹೂಂ ಬಂದು ನಿಂತಿತ್ತು.

"ಗೊತ್ತಿಲ್ಲ ಯಜಮಾನ್ರೇ" ಎಂದಳು. "ಗೊತ್ತಾಗೋದೂ ಇಲ್ಲ."

ದರ್ಜಿ ತಲೆಯಾಡಿಸಿದ. ಕೋಟನ್ನು ಬಿಚ್ಚಿ, ಕಚ್ಚಾ ಹೊಲಿಗೆಯ ದಾರ ಕೀಳದೆ, ಇನ್ನೂ ತಯಾರಾಗದ ಬಟ್ಟೆಗಳ ಸಾಲಿನಲ್ಲಿ ತೂಗುಹಾಕಿದ.