ಹೊರಗಿನ ಕೋಣೆಯ ಜಾಡಿ

ಚೆಲುವಾಜಮ್ಮ ನನ್ನ ಹೊಟ್ಟೆಯೊಳಗೆ ಕೈ ಹಾಕಿ ತಿಕ್ಕುತ್ತಿದ್ದರು. ಬೂದಿ, ಹುಣಸೆಹಣ್ಣು, ಒಂದು ಹಿಡಿ ತೆಂಗಿನ ನಾರು. ತೊಳೆದು ಬಿಸಿಲಿಗೆ ಬೋರಲು ಹಾಕಿದರು. ಹಳೇ ಉಪ್ಪಿನಕಾಯಿಯ ವಾಸನೆ ಪೂರಾ ಹೋಗಬೇಕಲ್ಲ!

ನಾನು ಒಂದು ಪಿಂಗಾಣಿ ಜಾಡಿ. ಮೇಲೆ ಜೇನಿನ ಬಣ್ಣ, ಕೆಳಗೆ ಬಿಳುಪು. ಗೂಡಿನ ಬೆಂಕಿಯಲ್ಲಿ ಬೆಂದು ಹುಟ್ಟಿದವಳು. ಮೈ ಕಾಯುವುದೆಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಳ್ಳೇಗಾಲದ ಆ ಮನೆಯಲ್ಲಿ ಬಹುಕಾಲ ನಿಂಬೆಕಾಯಿ ಹೊತ್ತು ಕೂತಿದ್ದೆ. ಅವತ್ತಿನಿಂದ ನನಗೆ ಬೇರೆ ಕೆಲಸ ಬಂತು.

ಶತಾವರಿ ಬೇರಿಗೆ ನಮ್ಮ ಕಡೆ ಹಲವು ಮಕ್ಕಳ ತಾಯಿ ಎನ್ನುತ್ತಾರೆ. ಅದನ್ನು ಒಣಗಿಸಿ ಕುಟ್ಟಿ, ಹುರಿದ ಅಗಸೆ, ಕರಿ ಎಳ್ಳು ಸೇರಿಸಿ ಚೆಲುವಾಜಮ್ಮ ಪುಡಿ ಮಾಡುತ್ತಿದ್ದರು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಉರಿ, ಬೆವರು, ನಿದ್ದೆಗೇಡು ಎಂದು ಒದ್ದಾಡುವ ಹೆಂಗಸರಿಗೆ ಕೊಡಲು. ಕೊಡುವಾಗ ಎಲ್ಲರಿಗೂ ಒಂದೇ ಮಾತು.

“ಇದು ಪವಾಡ ಮಾಡಾಕಿಲ್ಲ ಕಣವ್ವ. ಉರಿ ಒಸಿ ಸಣ್ಣ ಆದ್ರೂ ಆಗ್ಬೋದು, ಅಷ್ಟೇಯ. ನಿಂತೋಗಿದ್ದು ಮತ್ತೆ ಕಾಣಿಸ್ಕೊಂಡ್ರೆ ಮಾತ್ರ ನನ್ ತಾವ ಬರ್ಬ್ಯಾಡಿ, ಡಾಕ್ಟ್ರು ತಾವ ಓಡಿ.”

ಪುಡಿ ಮುಗಿದ ಮೇಲೆ ಜಾಡಿ ವಾಪಸು ಬರಬೇಕು, ಜೊತೆಗೊಂದು ಕಾಗದ ಬರಬೇಕು. ಅದು ಅವರ ಕಟ್ಟುಪಾಡು.

ಮೊದಲು ಶಾಲೆಯ ಹೆಡ್‌ಮೇಡಂ ಒಬ್ಬರ ಮನೆಗೆ ಹೋದೆ. ಅವರು ನಾಚಿಕೊಂಡು ಗಂಡನಿಗೆ “ಇದು ಶಕ್ತಿಯ ಪುಡಿ” ಎಂದುಬಿಟ್ಟರು. ಆ ಪುಣ್ಯಾತ್ಮ ದಿನಾ ಎರಡು ಚಮಚ ಹಾಲಿಗೆ ಹಾಕಿಕೊಂಡು ಕುಡಿದು, ಕನ್ನಡಿ ಮುಂದೆ ತೋಳು ಮಡಿಸಿ ನೋಡಿಕೊಳ್ಳುತ್ತಿದ್ದರು! ಆಮೇಲೆ ಸಂತೆಯಲ್ಲಿ ಬಟ್ಟೆ ಮಾರುವ ನಸೀಮಾಬಿಯ ಮನೆಗೆ. ಅಲ್ಲಿ ಬಾವಿಕಟ್ಟೆಗೆ ತಗುಲಿ ನನ್ನ ಬಾಯಿಯ ಅಂಚು ಚೂರು ಹಾರಿತು. ಆಕೆ ಕಣ್ಣಲ್ಲಿ ನೀರು ತಂದುಕೊಂಡು, ವಾಪಸು ಕಳಿಸುವಾಗ ಹೊಸ ಹೂವಿನ ಬಟ್ಟೆ ಕಟ್ಟಿ ಕಳಿಸಿದರು. ಆ ಬಟ್ಟೆ ಇನ್ನೂ ನನ್ನ ಕೊರಳಲ್ಲಿದೆ. ಹೀಗೇ ಇನ್ನೂ ಎಷ್ಟೋ ಮನೆ ತಿರುಗಿದೆ.

ಚೆಲುವಾಜಮ್ಮ ಅಣ್ಣನ ಅಸ್ಥಿ ಬಿಡಲು ಶ್ರೀರಂಗಪಟ್ಟಣಕ್ಕೆ ಹೋದಾಗ, ದಾರಿಯಲ್ಲಿ ಯಾರಿಗೋ ಕೊಡಬೇಕೆಂದು ನನ್ನನ್ನೂ ಚೀಲದಲ್ಲಿಟ್ಟುಕೊಂಡರು. ಕರ್ಮ ಮಾಡಿಸಿದ ಶ್ರೀಕಂಠ ಜೋಯಿಸರ ಮನೆಯಲ್ಲೇ ಊಟ. ಜೋಯಿಸರ ಹೆಂಡತಿ ವಿಶಾಲು ಬಡಿಸಲು ಬಂದಳು. ನೀರಲ್ಲಿ ಅದ್ದಿ ತೆಗೆದಂತೆ ಬೆವರಿದ್ದಳು, ಮುಖ ಕೆಂಡ. ಸಾರಿನ ಪಾತ್ರೆ ಕೆಳಗಿಟ್ಟು ಗೋಡೆ ಹಿಡಿದು ನಿಂತಳು.

ಕೈ ತೊಳೆಯುವ ನೆಪದಲ್ಲಿ ಚೆಲುವಾಜಮ್ಮ ಹಿತ್ತಲಿಗೆ ಹೋದರು. “ಎಷ್ಟ್ ದಿನಾತು ನಿಂತು?”

“ಅಯ್ಯೋ, ಮೆತ್ತಗೆ ಮಾತಾಡಿ! ನಂಗೇನೂ ನಿಂತಿಲ್ಲ.”

“ನನ್ ತಾವ್ಲೂ ಸುಳ್ಳಾ?”

ವಿಶಾಲು ಸೆರಗಿನಿಂದ ಮುಖ ಒರೆಸಿಕೊಂಡಳು. “ವರ್ಷದ ಮೇಲಾಯ್ತು. ಮನೇಲಿ ಯಾರಿಗೂ ಹೇಳಿಲ್ಲ.”

ಆ ಮನೆಯಲ್ಲಿ ದಿನ ಬೆಳಗಾದರೆ ತಿಥಿ ಅಡುಗೆ. ಬೆಳಕು ಹರಿಯುವ ಮೊದಲೇ ಮಿಂದು, ಮಡಿಯುಟ್ಟು ಒಲೆಯ ಮುಂದೆ ನಿಲ್ಲಬೇಕು. ತಿಂಗಳಿಗೆ ಮೂರು ದಿನ ಮಾತ್ರ ಅವಳು ಹಿತ್ತಲ ಕೋಣೆಯಲ್ಲಿ ಹೊರಗೆ ಕೂರುತ್ತಿದ್ದಳು. ಆಗ ನಾಗಲಕ್ಷ್ಮಿ ಎಂಬಾಕೆ ಬಂದು ಅಡುಗೆ ಮಾಡಿಕೊಡುತ್ತಿದ್ದಳು. ಮದುವೆಯಾದಾಗಿನಿಂದ ವಿಶಾಲುವಿಗೆ ದಕ್ಕಿದ್ದು ಆ ಮೂರು ದಿನ. ಹಳೇ ವಾರಪತ್ರಿಕೆ ಓದಬಹುದು, ಹಗಲಲ್ಲಿ ಕಾಲು ಚಾಚಿ ಮಲಗಬಹುದು. ರಾತ್ರಿ ನಿದ್ದೆ ಹಾರಿಹೋದ ಈ ಕಾಲದಲ್ಲೇ ಅದು ಇಲ್ಲವಾದರೆ ಹೇಗೆ? ಅದಕ್ಕೇ ಮುಟ್ಟು ನಿಂತರೂ ಅವಳು ತಿಂಗಳು ತಿಂಗಳೂ ಹೊರಗೆ ಕೂರುತ್ತಲೇ ಇದ್ದಳು.

ಚೆಲುವಾಜಮ್ಮ ನಗಲಿಲ್ಲ. ನನ್ನನ್ನು ತೆಗೆದು ಅವಳ ಕೈಗಿಟ್ಟರು. “ಖಾಲಿ ಆದ್ಮೇಲೆ ಕಾಗದ ಬರೀರಿ. ನಿಜ ಬರೀಬೇಕು.”

ನಾನು ಹೊರಗಿನ ಕೋಣೆ ಸೇರಿದೆ. ಬಚ್ಚಿಡಲು ಅದಕ್ಕಿಂತ ಒಳ್ಳೆ ಜಾಗ ಬೇಕೆ? ಅಲ್ಲಿನ ವಸ್ತುವನ್ನು ಅತ್ತೆ ಸಾತಮ್ಮನವರು ಕಡ್ಡಿಯಿಂದಲೂ ಮುಟ್ಟರು. ಹಿತ್ತಲಿನಿಂದ ಹಂಡೆ ಒಲೆಗೆ ತೆಂಗಿನಮಟ್ಟೆ ತರುವ ನೆಪದಲ್ಲಿ ವಿಶಾಲು ದಿನಾ ಬಂದು, ಮಜ್ಜಿಗೆಗೆ ಒಂದು ಚಮಚ ಪುಡಿ ಕಲಸಿ ಕುಡಿದು ಹೋಗುವಳು. ಬರಬರುತ್ತಾ ಬೆವರು ಸ್ವಲ್ಪ ಇಳಿಯಿತು. “ನೀನೊಬ್ಬಳು ಸಿಕ್ಕಿದೆಯಲ್ಲೇ” ಎಂದು ಒಂದು ದಿನ ನನ್ನ ಮುಚ್ಚಳ ಸವರಿದಳು. ಉಪ್ಪಿನಕಾಯಿ ಹೊತ್ತಿದ್ದಾಗ ಯಾರೂ ನನಗೆ ಹಾಗೆ ಹೇಳಿರಲಿಲ್ಲ.

ಪುಡಿ ಮುಗಿಯಿತು. ಕಾಗದ ಮಾತ್ರ ಹೋಗಲಿಲ್ಲ. ಪೆನ್ನು ಹಿಡಿಯುವಳು, “ನನಗೆ ಮುಟ್ಟು ನಿಂತು” ಎಂದು ಬರೆಯುವಳು, ಬಾಗಿಲ ಕಡೆ ನೋಡಿ ಹರಿದು ಒಲೆಗೆ ಹಾಕುವಳು. ಅಕ್ಷರದಲ್ಲಿ ಕೂತ ಮೇಲೆ ಅದು ನಿಜವಾಗಿಬಿಡುತ್ತದಲ್ಲ! ಬೇಸಿಗೆ ಕಳೆಯಿತು, ದಸರೆಯೂ ಕಳೆಯಿತು. ನಾನು ಖಾಲಿ ಹೊಟ್ಟೆಯಲ್ಲಿ ಕಾದೆ.

ಒಂದು ಸಲ ಅವಳು ಹಾಗೇ ಹೊರಗೆ ಕೂತಿದ್ದಾಗ ಸಾತಮ್ಮನವರು ಅಂಗಳದಲ್ಲಿ ದೂರ ನಿಂತರು. ತಲೆಗೆ ಬಟ್ಟೆ ಬಿಗಿದು ಕಟ್ಟಿಕೊಂಡಿದ್ದರು.

“ನಾಳಿದ್ದು ಮೈಸೂರಿಗೆ ಹೊರಡು. ಲೇಡಿ ಡಾಕ್ಟರ ಹತ್ರ ಹೇಳಿಸಿದೀನಿ.”

“ಯಾಕತ್ತೆ?”

“ಐವತ್ನಾಲ್ಕಾಯ್ತು, ಇನ್ನೂ ಹೊರಗೆ ಕೂರ್ತೀಯಲ್ಲೇ! ನನ್ನ ತಂಗಿ ಕಮಲೂಗೂ ಹೀಗೇ ನಿಲ್ಲದೆ ನಿಲ್ಲದೆ, ಕೊನೆಗೆ ಗಡ್ಡೆ ಅಂದ್ರು. ಉಳೀಲಿಲ್ಲ.”

“ತಲೆಗ್ಯಾಕೆ ಬಟ್ಟೆ?”

“ತಲೆ ಸಿಡೀತಿದೆ. ಕಾಫಿ ಬಿಟ್ಟಿದೀನಿ. ನಿಂಗೇನೂ ಇಲ್ಲ ಅನ್ನೋವರೆಗೂ ಮುಟ್ಟಲ್ಲ ಅಂತ ನಿಮಿಷಾಂಬೆಗೆ ಹೇಳ್ಕೊಂಡಿದೀನಿ.”

ಸಾತಮ್ಮನವರು ಕಾಫಿ ಬಿಡುವುದೆಂದರೆ ಕಾವೇರಿ ಹಿಂದಕ್ಕೆ ಹರಿದ ಹಾಗೆ. ವಿಶಾಲು ಚಾಪೆಯ ಮೇಲೆ ಎದ್ದು ಕೂತಳು. ಕೈ ನನ್ನನ್ನು ಗಟ್ಟಿಯಾಗಿ ಹಿಡಿದಿತ್ತು.

“ಅತ್ತೆ, ನಂಗೆ ನಿಂತು ಎರಡು ವರ್ಷ ಆಗ್ತಾ ಬಂತು.”

ಸಾತಮ್ಮನವರು ಎರಡು ಹೆಜ್ಜೆ ಹತ್ತಿರ ಬಂದರು.

“ಮತ್ತೆ ಇಲ್ಲಿ ಯಾಕೆ ಕೂರ್ತೀಯೇ?”

“ನಿದ್ದೆ ಮಾಡಕ್ಕೆ.”

“ಮೂರು ದಿನದ ನಿದ್ದೇಗೆ ಇಷ್ಟು ನಾಟಕವಾ? ಬಾಯಿಬಿಟ್ಟು ಕೇಳಬಾರದಿತ್ತಾ, ಮೂದೇವಿ!”

“ಕೇಳಿದ್ರೆ ಕೊಡ್ತಿದ್ರಾ?”

ಸಾತಮ್ಮನವರು ತಲೆಯ ಬಟ್ಟೆ ಬಿಚ್ಚಿ ಕೈಗೆ ಸುತ್ತಿಕೊಂಡರು. “ಇಲ್ಲ,” ಎಂದರು. “ಕೊಡ್ತಿರ್ಲಿಲ್ಲ.”

ಆಮೇಲೆ, “ಹಾಗಾದ್ರೆ ನೀನು ಮೈಲಿಗೆಯೇನಲ್ಲವಲ್ಲ,” ಎನ್ನುತ್ತಾ ಹೊಸಿಲು ದಾಟಿ ಬಂದು ಅವಳ ಚಾಪೆಯ ಮೇಲೇ ಕುಸಿದು ಕೂತರು. ನನ್ನನ್ನು ಎತ್ತಿ ಮೂಗಿಗೆ ಹಿಡಿದರು. “ಅಗಸೆ... ಎಳ್ಳು... ಬೇರು ಯಾವುದೇ?” ವಿಶಾಲು ಎಲ್ಲ ಹೇಳಿದಳು. ಕೇಳುತ್ತಾ ಕೇಳುತ್ತಾ ಮುದುಕಿಯ ಕಣ್ಣು ತುಂಬಿತು. “ನನಗೆ ಉರಿ ಬಂದಾಗ ತಣ್ಣೀರು ಸುರ್ಕೊಂಡು ಬಚ್ಚಲಲ್ಲಿ ಕೂರ್ತಿದ್ದೆ. ನಿಮ್ಮ ಮಾವ ತಲೆ ಕೆಟ್ಟಿದೆ ಅಂತ ಯಂತ್ರ ಕಟ್ಟಿಸಿದ್ರು.”

ಇಬ್ಬರೂ ನಕ್ಕರು. ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು.

“ನಾಗಲಕ್ಷ್ಮಿ ತಿಂಗಳಿಗೆ ಮೂರು ದಿನ ಬರೋದು ಬರ್ತಾನೇ ಇರ್ಲಿ. ನೀನು ನಡುಮನೇಲಿ ಫ್ಯಾನ್ ಹಾಕ್ಕೊಂಡು ಮಲಗು. ನಿನ್ನ ಗಂಡನಿಗೆ ನಾನು ಹೇಳ್ತೀನಿ. ಈಗ ಮೊದಲು ಎದ್ದು ಒಂದು ಲೋಟ ಕಾಫಿ ಮಾಡು, ಡಿಕಾಕ್ಷನ್ ಗಟ್ಟಿ ಇರ್ಲಿ.”

ಕಾಫಿ ಆದ ಮೇಲೆ ವಿಶಾಲು ಬಾಗಿಲು ತೆರೆದಿಟ್ಟುಕೊಂಡೇ ಕಾಗದ ಬರೆದಳು. ಉರಿ ಸಣ್ಣಗಾಗಿದೆ, ಪೂರ್ತಿ ಆರಿಲ್ಲ, ನಿದ್ದೆ ಬರುತ್ತಿದೆ. ಪುಡಿಯಿಂದಲೋ ಮೂರು ದಿನದಿಂದಲೋ ಗೊತ್ತಿಲ್ಲ ಎಂದು ನಿಜವನ್ನೇ ಬರೆದಳು. ಸಾತಮ್ಮನವರು ಪಕ್ಕದಿಂದ, “ನಮ್ಮ ಕಾಲದಲ್ಲಿ ನೀವು ಎಲ್ಲಿದ್ರಿ ತಾಯಿ ಅಂತ ನನ್ನ ಹೆಸರಲ್ಲಿ ಕೇಳು” ಎಂದರು. ಅದನ್ನೂ ಬರೆದಳು.

ನನಗೀಗ ವಯಸ್ಸಾಗಿದೆ. ಅಂಚು ಹಾರಿದ ಜಾಡಿಗೆ ಇನ್ನು ಪುಡಿ ತುಂಬುತ್ತಾರೋ, ಮೂಲೆಗೆ ಕೂರಿಸುತ್ತಾರೋ, ಎರಡೂ ಸರಿಯೇ. ಎಷ್ಟೋ ಹೆಂಗಸರ ಬೆರಳು ನನ್ನ ತಳ ಮುಟ್ಟಿದೆ. ತೃಪ್ತಿಗೆ ಅಷ್ಟು ಸಾಕು.

ಅಂಚೆ ಕಚೇರಿಯಲ್ಲಿ ಗುಮಾಸ್ತ ಪೊಟ್ಟಣವನ್ನು ತೂಗಿ ನೋಡಿದ. “ಏನಮ್ಮ ಇದರಲ್ಲಿ?”

“ಜಾಡಿ. ಒಳಗೊಂದು ಕಾಗದ.”

“ಕಾಗದಕ್ಕೆ ಲಕೋಟೆ ಸಾಲದಾ?”

“ಬಹಳ ದಿನ ತಡೆದು ಬರೆದದ್ದು,” ಎಂದಳು ವಿಶಾಲು. “ಒಡೆಯದ ಹಾಗೆ ಕಳಿಸಿ.”

ಅವನು ನನ್ನ ನೆತ್ತಿಯ ಮೇಲೆ ಮುದ್ರೆ ಒತ್ತಿದ.